ಬಾಗಿಲ ಈಚೆಗೆ ಕೇಳಿದ್ದು

ಹಾಪ್ಸಲುವಿನಲ್ಲಿ ಮಾರ್ಚ್ ಎಂದರೆ
ಕೊಲ್ಲಿಯ ಮಂಜುಗಡ್ಡೆ ಕರಗಲೋ ಬೇಡವೋ ಎಂದು
ಮೀನಮೇಷ ಎಣಿಸುವ ತಿಂಗಳು.
ಬಸ್ಸಿನಿಂದ ಇಳಿದರು ಜಾರ್ಜಿಯಾದ ಹುಡುಗರು,
ಕುತೈಸಿ ಊರಿನವರು,
ಮೂವತ್ತೊಂದು ತಲೆ, ಮೂವತ್ತೊಂದು ಚೀಲ,
ಒಬ್ಬನ ಕಾಲಲ್ಲಿ ಮಾತ್ರ ಬೇಸಿಗೆಯ ಚಪ್ಪಲಿ.

ಶಾಲೆಯ ಅಂಗಳದಲ್ಲಿ ಹೆಸರು ಕೂಗಿ ಹಂಚಿದರು.
ನನ್ನ ಪಾಲಿಗೆ ಇಬ್ಬರು: ಹದಿನೈದರ ರೇವಾಜ್,
ಒಂಬತ್ತರ ಲಾಶಾ, ಆ ಚಪ್ಪಲಿಯವನು.
ನನಗೆ ಬರುವ ತುಕ್ಕು ಹಿಡಿದ ರಷ್ಯನ್ ಅವರಿಗೆ ಬಾರದು,
ಅವರ ಇಂಗ್ಲಿಷ್ ನನಗೆ ಎಟುಕದು.
ಮಗ ಇಂದ್ರೆಕ್ ನಡುವೆ ನಿಂತು
ಅತ್ತಲಿತ್ತ ಅರ್ಧರ್ಧ ದಾಟಿಸಿದ.
ಈಚೆಗೆ ಅವನಿಗೂ ಮಾತು ಕಡಿಮೆ.

ಲಾಶಾ ಚೀಲದ ತಳದಿಂದ ಬಾಟಲಿ ತೆಗೆದ,
ಸ್ವೆಟರಿನಲ್ಲಿ ಎಳೆಗೂಸಿನಂತೆ ಸುತ್ತಿದ್ದು:
ಅವನಮ್ಮ ಕುದಿಸಿ ಕಳಿಸಿದ ಹುಳಿ ಪ್ಲಮ್ಮಿನ ಗೊಜ್ಜು.
ಬೆರಳಿಗೆ ಹಚ್ಚಿ ನೆಕ್ಕಿದೆ, ಒಂದು ಕಣ್ಣು ಮುಚ್ಚಿಕೊಂಡಿತು.
ಇಬ್ಬರೂ ನಕ್ಕರು. ಇಂದ್ರೆಕ್ ಕೂಡ, ತುಸು.

ಹದಿಮೂರು ಅವನಿಗೆ. ಆರು ವರ್ಷ
ಮೊದಲ ಸಾಲಿನ ಮೇಲುದನಿ ಅವನದೇ;
ಅವನು ಹಾಡಿದ ಕ್ರಿಸ್ಮಸ್‌ಗಳನ್ನು ನನ್ನ ಅತ್ತೆ
ಬೆರಳು ಮಡಿಚಿ ಎಣಿಸುತ್ತಿದ್ದಳು.
ಫೆಬ್ರವರಿಯ ಒಂದು ಬೆಳಿಗ್ಗೆ ಗಂಟಲು ಒಡೆಯಿತು,
ಸೌಟು ತಗುಲಿದ ಪಿಂಗಾಣಿಯಂತೆ, ಎಲ್ಲರೆದುರು.
ಹೆಲ್ದುರ್ ಮೇಷ್ಟ್ರು ಒಳ್ಳೆಯವರು, ಮೆಲ್ಲಗೇ ಹೇಳಿದರಂತೆ:
"ಬಾಯಿ ಆಡಿಸು ಕಂದ, ದನಿ ಬೇಡ.
ಸಾಲು ತುಂಬಿ ಕಂಡರೆ ಸಾಕು."
ಮನೆಗೆ ಬಂದವನು ಬೂಟು ಬಿಚ್ಚದೆ ಮಲಗಿದ.
ನಾನೇನೂ ಕೇಳಲಿಲ್ಲ.
ಕಾಲರಿಗೆ ಗಂಜಿ ಹಾಕಿ ಇಸ್ತ್ರಿ ಮಾಡಿದೆ.
ಬರೀ ಬಾಯಿ ಆಡಿಸುವವನ ಕಾಲರೂ
ಬೆಳ್ಳಗೇ ಇರಬೇಕಲ್ಲ.

ಶನಿವಾರ. ಚರ್ಚಿನಲ್ಲಿ ಬೆಂಚು ಸಾಲದೆ
ಬೆಂಕಿ ದಳದವರು ಹಲಗೆ ತಂದು ಜೋಡಿಸಿದರು.
ನಮ್ಮವರದು ನೀಲಿ ಅಂಗಿ,
ಅವರದು ನಡುವಿಗೆ ಪಟ್ಟಿ ಬಿಗಿದ ಕಪ್ಪು ನಿಲುವಂಗಿ.
ಮೂರನೆಯ ಬೆಂಚು ಸಿಕ್ಕಿತ್ತು ನನಗೆ, ಚೆನ್ನಾಗಿ ಕಾಣುವ ಜಾಗ.
ಎರಡು ಹಾಡು ಕೇಳಿದೆನೋ ಇಲ್ಲವೋ,
ಲಾಶಾನ ಮೂಗಿನಿಂದ ರಕ್ತ.

ಎತ್ತಿಕೊಂಡು ಓಡಿದೆ ಕೋಟು ನೇತುಹಾಕುವ ಕೋಣೆಗೆ.
ಓಕ್ ಮರದ ದಪ್ಪ ಬಾಗಿಲು ತಾನೇ ಮುಚ್ಚಿಕೊಂಡಿತು.
ಒದ್ದೆ ಕೋಟುಗಳ ವಾಸನೆ, ಕಿಟಕಿಯಂಚಿನಿಂದ
ಒಂದು ಹಿಡಿ ಹಿಮ ಕೆರೆದು ಅವನ ಕತ್ತಿಗಿಟ್ಟೆ.
ಹುಡುಗ ಅಳಲಿಲ್ಲ. ನನ್ನ ಕರವಸ್ತ್ರದೊಳಗೇ
ತನ್ನ ಪಾಲಿನ ಹಾಡು ಹಾಡುತ್ತಿದ್ದ,
ಸರಿಯಾದ ಜಾಗದಲ್ಲಿ ಉಸಿರೆಳೆದು.

ಆಚೆ ಕೊನೆಯ ಹಾಡು. ಎರಡೂ ತಂಡ ಕೂಡಿ.
ಕುತೈಸಿಯವರದು, ನಮ್ಮವರು ಆರು ವಾರ ತಿದ್ದಿದ್ದು:
ಮೇಲೆ ಎರಡು ದನಿ
ಜಗಳವಾಡುತ್ತಲೇ ಜಡೆಯಾಗಿ ಹೆಣೆದು,
ಕೆಳಗೆ ಒಂದೇ ಸ್ವರ, ಕದಲದೆ,
ರಾತ್ರಿ ಕೊಲ್ಲಿಯ ಗಡ್ಡೆ ಗುಂಯ್‌ಗುಡುವ ಹಾಗೆ.
ಆ ಕೆಳಗಿನವರಲ್ಲಿ ಒಬ್ಬನದು
ಶ್ರುತಿಗೆ ಕೂದಲೆಳೆಯಷ್ಟು ತಗ್ಗು;
ಉಸಿರು ಮುಗಿದಲ್ಲಿ ಹೊಯ್ದಾಡಿ, ಬಿಟ್ಟು,
ಮತ್ತೆ ಹಿಡಿಯುತ್ತಿತ್ತು.
ಅವರ ಕಡೆಯ ಯಾರೋ ದೊಡ್ಡವನು ಅಂದುಕೊಂಡೆ,
ಅಭ್ಯಾಸ ಸಾಲದವನು.
ಪಾಪ, ಅವನ ತಾಯಿ ಎಷ್ಟು ದೂರದಲ್ಲಿದ್ದಾಳೋ
ಎಂದೂ ಅಂದುಕೊಂಡೆ.

ಆಮೇಲೆ ಹೇಳಿದವಳು ಅಂಚೆ ಕಚೇರಿಯ ವಾಯ್ಕೆ:
"ಆ ನಿಲುವಂಗಿಯ ಹುಡುಗ ನಿನ್ನ ಮಗನ ತೋಳು ಹಿಡಿದು
ಹಿಂದಿನ ಸಾಲಿಗೆ ಎಳೆದುಕೊಂಡ,
ಕಿವಿಯಲ್ಲಿ ಒಂದು ಸ್ವರ ಗುನುಗಿದ.
ಮೇಷ್ಟ್ರು ನೋಡಿದರು. ಕೈ ನಿಲ್ಲಿಸಲಿಲ್ಲ.
ನೀನು ನೋಡಬೇಕಿತ್ತು ಮಾಯ್ಮು."

ನೋಡಲಿಲ್ಲ.

ಮನೆಯಲ್ಲಿ ಮೂವರೂ ಕಪ್ಪು ಬ್ರೆಡ್ಡಿಗೆ ಗೊಜ್ಜು ಸವರಿ
ನಿಂತೇ ತಿಂದರು. ಯಾರೂ ಯಾವುದನ್ನೂ ಹೇಳಲಿಲ್ಲ.
ಲಾಶಾನ ಒಳಂಗಿಯನ್ನು ನಾನು ತಣ್ಣೀರಿನಲ್ಲಿ ಅದ್ದಿದೆ.
ರಕ್ತಕ್ಕೆ ಬಿಸಿನೀರು ಆಗದು, ಕಲೆ ಕೂತುಬಿಡುತ್ತದೆ.
ಉಜ್ಜುತ್ತಿದ್ದೆ, ಬೆನ್ನ ಹಿಂದೆ ಯಾರೋ ಕೇಳಿದರು,
"ಅಮ್ಮಾ, ಬೆಣ್ಣೆ ಇದೆಯಾ?"
ಯಾರು ಬಂದರಪ್ಪ ಎಂದು
ತಿರುಗಿ ನೋಡಿದೆ.